ಟೆನ್ಸ್ ಮಷೀನ್ ಪರವಾಗಿಲ್ಲ, ಪ್ಯಾಡ್‌ದೇ ಗೋಳು

ಸೊಂಟನೋವಿಗೆ ಅಂತ ಟೆನ್ಸ್ ಮಷೀನ್ ತಗೊಂಡು ವರ್ಷದ ಮೇಲಾಯ್ತು. ಮೈಗೆ ಜೆಲ್ ಪ್ಯಾಡ್ ಅಂಟಿಸಿ, ಅದ್ರಲ್ಲಿ ಸಣ್ಣಗೆ ಕರೆಂಟ್ ಬಿಟ್ಟು ನೋವು ಕಮ್ಮಿ ಮಾಡೋ ಮಷೀನ್ ಇದು. ಎಷ್ಟು ಮೋಡು, ಎಷ್ಟು ಚಾನೆಲ್ ಎಲ್ಲಾ ಬಾಕ್ಸ್ ಮೇಲೇ ಇದೆ, ಅದನ್ನ ಬಿಡಿ. ನಂದು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್. ಬಿಸಿನೀರಿನ ಬೇಸಿನ್ ಮುಂದೆ ಬಗ್ಗಿ ಗೂಡಿನ ಎಳೆ ಹಿಡಿದೂ ಹಿಡಿದೂ ಸೊಂಟ ಕೆಟ್ಟೋಯ್ತು, ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ನುಂಗ್ಕೊಂಡೇ ಕಾಲ ಹಾಕ್ತಿದ್ದೆ, ಆಮೇಲೆ ಡಾಕ್ಟ್ರು ನಿಂಗೆ ಬಿಪಿ ಬೇರೆ ಇದೆ, ದಿನಾ ತಗೊಂಡ್ರೆ ಹೊಟ್ಟೇಲಿ ಹುಣ್ಣಾಗುತ್ತೆ, ಕಿಡ್ನಿಗೂ ಕಷ್ಟ ಅಂತ ನಿಲ್ಲಿಸಿದ್ರು. ಮೂರು ತಿಂಗಳು ದಾಟಿದ ನೋವನ್ನ ಕ್ರಾನಿಕ್ ಅಂತಾರಂತೆ. ಪೂರ್ತಿ ಹೋಗ್ಲಿ ಅಂತ ಕಾಯ್ಬೇಡ, ನಡಿ, ಎಕ್ಸರ್‌ಸೈಜ್ ಮಾಡು, ಅದಕ್ಕೆ ಬೇಕಾದ್ರೆ ಇದನ್ನ ಹಾಕ್ಕೋ ಅಂದ್ರು.

ಮೊಣಕೈ ತಗುಲಿದಾಗ ತಕ್ಷಣ ಉಜ್ಕೋತೀವಲ್ಲ, ಇದೂ ಹಂಗೇ. ಮುಟ್ಟಿದ್ದನ್ನ ಹೇಳೋ ನರಗಳು ಬೆನ್ನುಹುರೀಲಿ ನೋವಿನ ಸುದ್ದಿಗೆ ಅಡ್ಡ ನಿಲ್ತವೆ ಅಂತ 1965ರಲ್ಲೇ ಮೆಲ್ಜ್ಯಾಕ್, ವಾಲ್ ಅನ್ನೋ ವಿಜ್ಞಾನಿಗಳು ಹೇಳಿದ್ರು. ವಾಸಿಯೇನೂ ಆಗಲ್ಲ, ನಂಗೆ ಆನ್ ಇದ್ದಷ್ಟು ಹೊತ್ತು, ಆಮೇಲೆ ಒಂಚೂರು ಆರಾಮ, ಅಷ್ಟರಲ್ಲೇ ಎಕ್ಸರ್‌ಸೈಜ್ ಮುಗಿಸ್ಕೋತೀನಿ.

ಬೆನ್ನಿಗೆ ನಂ ಕೈ ಎಟಕಲ್ಲ, ಹಂಗಾಗಿ ರಾತ್ರಿ ಊಟ ಆದ್ಮೇಲೆ ಚಾಪೆ ಮೇಲೆ ಬೋರಲು ಮಲಗಿದ್ರೆ ಹೆಂಡತಿನೇ ಅಂಟಿಸೋದು, "ಒಂಚೂರು ಮೇಲೆ, ಅಲ್ಲ, ಎಡಕ್ಕೆ" ಅಂತ ಜಗಳ. ಜುಮುಜುಮು ಅಭ್ಯಾಸ ಆದಂಗೆಲ್ಲ ಕರೆಂಟ್ ಸ್ವಲ್ಪ ಏರಿಸ್ಬೇಕು, ಅವ್ಳಿಗೆ ಕೋಪ ಇದ್ರೆ ಜಾಸ್ತಿನೇ ಏರಿಸ್ತಾಳೆ. ಮಾರ್ಕೆಟ್‌ನಲ್ಲಿ ಗೂಡಿನ ರೇಟು, ಕೂಲಿ ಬಾಕಿ, ಮಗಳ ಫೀಸು, ಎಲ್ಲಾ ಮಾತು ಅಲ್ಲೇ ಆಗೋದು. ಮುಂಚೆ ನೋವಲ್ಲಿ ನಾನು ಯಾರತ್ರನೂ ಮಾತೇ ಆಡ್ತಿರ್ಲಿಲ್ಲ ನೋಡಿ.

ಈಗ ಪ್ಯಾಡ್ ವಿಷ್ಯಕ್ಕೆ ಬರ್ತೀನಿ. ದರಿದ್ರದ್ದು! ನಮ್ ಕೆಲಸದಲ್ಲಿ ಮೈಯೆಲ್ಲಾ ಹಬೆ, ಬೆವರು, ಅದರ ಮೇಲೆ ಅಮ್ಮ ಪ್ರೀತಿಯಿಂದ ನೋವಿನೆಣ್ಣೆ ತಿಕ್ಕಿರ್ತಾರೆ, ಜೆಲ್ ಎಲ್ಲಿ ಅಂಟುತ್ತೆ? ಅರ್ಧ ಕಿತ್ಕೊಂಡ್ರೆ ಉಳಿದ ಕಡೆ ಸೂಜಿ ಚುಚ್ಚಿದಂಗೆ ಕುಟ್ಟುತ್ತೆ. ಕಂಪನಿ ಪ್ಯಾಡ್ ರೇಟು ನೋಡಿದ್ರೆ ಮಷೀನ್ ಕೊಟ್ಟಿದ್ದೇ ಪ್ಯಾಡ್ ಮಾರೋಕೆ ಅನ್ಸುತ್ತೆ. ಸೋಪ್ ಹಾಕಿ ಬೆನ್ನು ತೊಳ್ದು, ಚೆನ್ನಾಗಿ ಒರೆಸಿ ಅಂಟಿಸಿ, ಜೆಲ್ ಒಣಗಿದ್ರೆ ಒಂದು ತೊಟ್ಟು ನೀರು ಸವರಿ, ಬಿಚ್ಚಿದ್ಮೇಲೆ ಅದೇ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿಡಿ. ನನ್ನ ಮಷೀನ್ ವೈರಿನ ತುದೀಲಿ ಪ್ಯಾಡಿಗೆ ಸಿಕ್ಕಿಸೋದು 2 ಎಂಎಂ ಪಿನ್ನು, ಹಂಗಾಗಿ ಬೇರೆ ಕಂಪನಿದೂ ಕೂರುತ್ತೆ, ಈಗ ಅದನ್ನೇ ತರ್ತೀನಿ.

ಪೇಸ್‌ಮೇಕರ್ ಇರೋರು ಮುಟ್ಬೇಡಿ, ಗಂಟಲ ಹತ್ರ ಯಾರೂ ಹಾಕ್ಬೇಡಿ, ಬಸುರಿಯರು ಡಾಕ್ಟ್ರನ್ನ ಕೇಳ್ದೆ ಬೇಡ.

ಐದಕ್ಕೆ ಮೂರೂವರೆ ಸ್ಟಾರ್. ಪಕ್ಕದ ಮನೆ ಅಣ್ಣ ಆಗಾಗ ಕೇಳ್ಕೊಂಡು ಬರ್ತಾರೆ, ಮಷೀನ್ ಧಾರಾಳವಾಗಿ ತಗೊಂಡೋಗಿ, ಪ್ಯಾಡ್ ಮಾತ್ರ ನೀವೇ ತನ್ನಿ ಅಂತೀನಿ.