ಗಂಗಾವತಿಯ ರೈಸ್ ಮಿಲ್ಲಿನಲ್ಲಿ ದತ್ತಾಂಶ ವಿಶ್ಲೇಷಣೆಯ ತಂತ್ರಾಂಶ: ದೀರ್ಘಕಾಲದ ಬಳಕೆಯ ಅನುಭವ

ನಮ್ಮ ಮಿಲ್ಲಿಗೆ ಈ ತಂತ್ರಾಂಶವನ್ನು 2021ರಲ್ಲಿ ಹಾಕಿಸಿದೆವು. ಟ್ಯಾಲಿ ಲೆಕ್ಕಕ್ಕೂ ಲಾರಿ ತೂಗುವ ವೇ ಬ್ರಿಡ್ಜಿಗೂ ಅದನ್ನು ಜೋಡಿಸಿದ ಮೇಲೆ, ಬೆಳಿಗ್ಗೆ ಹಮಾಲರು ಬರುವ ಮೊದಲೇ ಚಹಾ ಕುಡಿಯುತ್ತ, ಹಿಂದಿನ ದಿನ ಮಿಲ್ಲಿಗೆ ಹಾಕಿದ ಒಂದೊಂದು ಲಾಟಿನ ಭತ್ತದಿಂದ ಇಡಿ ಅಕ್ಕಿ ಎಷ್ಟು ಬಂತು, ನುಚ್ಚು ಎಷ್ಟಾಯಿತು, ತೌಡು ಎಷ್ಟು ಉಳಿಯಿತು ಎಂದು ನೋಡುವುದು ನನ್ನ ನಿತ್ಯದ ರೂಢಿಯಾಗಿದೆ. ಈ ಒಂದು ಪುಟಕ್ಕಾಗಿಯೇ ವಾರ್ಷಿಕ ಶುಲ್ಕ ಕೊಡಬಹುದು.

ನುಚ್ಚು ಹೆಚ್ಚುತ್ತಿದ್ದ ಕಾರಣ ಅಕ್ಕಿಗೆ ಹೊಳಪು ಕೊಡುವ ಹೊಸ ಪಾಲಿಷರ್‌ಗೆ ಕೊಟೇಶನ್ ತರಿಸಿದ್ದ ದಿನಗಳಲ್ಲಿ, ಇದೇ ಪುಟ ತೇವಾಂಶದ ಅಂಕಿಗಳನ್ನು ನುಚ್ಚಿನ ಪಕ್ಕಕ್ಕೆ ತಂದಿಟ್ಟಿತು. ಭತ್ತ ಮಿಲ್ಲಿಗೆ ಹೋಗುವಾಗ ತೇವಾಂಶ ಶೇ. 14ರ ಆಸುಪಾಸಿನಲ್ಲಿರಬೇಕು, ಕಟಾವು ಯಂತ್ರದಿಂದ ಹಸಿಯಾಗಿಯೇ ಬಂದು, ಕಣದ ಬಿರುಬಿಸಿಲಿಗೆ ಒಮ್ಮೆಲೇ ಒಣಗಿದ ಕಾಳು ಒಳಗೊಳಗೇ ಬಿರುಕು ಬಿಡುತ್ತದೆ. ಹೆಚ್ಚು ಒಡೆದದ್ದು ಅಂಥ ಲಾಟುಗಳೇ. ಪಾಲಿಷರ್‌ಗೆಂದು ಎತ್ತಿಟ್ಟ ಹಣ ಡ್ರೈಯರ್‌ಗೆ ಹೋಯಿತು, ನುಚ್ಚು ಇಳಿಯಿತು.

ಆದರೆ ಇದರ ಮುನ್ನಂದಾಜಿನ ಭಾಗ ನನ್ನ ಸಹನೆಯನ್ನು ಬಹಳ ಪರೀಕ್ಷಿಸಿದೆ. 2022ರ ಜುಲೈ 18ರಿಂದ, 25 ಕಿಲೋವರೆಗೆ ತೂಗುವ, ಲೇಬಲ್ ಹಚ್ಚಿದ ಅಕ್ಕಿ ಚೀಲಗಳಿಗೆ ಶೇ. 5 ಜಿಎಸ್‌ಟಿ ಬಂದಾಗ, ಬೇರೆ ಮಿಲ್ಲುಗಳಂತೆ ನಾವೂ 26 ಕಿಲೋ ಚೀಲಕ್ಕೆ ಹೊರಳಿದೆವು. ತಂತ್ರಾಂಶ ಅದನ್ನು ಹೊಸ ಸರಕೆಂದು ಬಗೆದು, ಹಳೆಯ ಚೀಲದ ಸೋನಾ ಮಸೂರಿಯ ಮಾರಾಟ ಕುಸಿದಿದೆಯೆಂದು ಕೆಂಪು ಗೆರೆ ಎಳೆದು, ಭತ್ತದ ಖರೀದಿ ಕಡಿಮೆ ಮಾಡಿರೆಂದು ಸಲಹೆ ಕೊಟ್ಟಿತು. ನಮ್ಮ ಗೇಟಿನಿಂದ ಹೊರಗೆ ಹೋಗುತ್ತಿದ್ದ ಕ್ವಿಂಟಾಲುಗಳು ಮಾತ್ರ ಕಡಿಮೆಯಾಗಿರಲಿಲ್ಲ! ಎರಡು ಚೀಲಗಳ ಲೆಕ್ಕವನ್ನು ಒಂದುಗೂಡಿಸಿಕೊಡಲು ಕಂಪನಿಯವರು ಸುಗ್ಗಿ ಮುಗಿಯುವವರೆಗೆ ಕಾಯಿಸಿದರು, ಅದಕ್ಕೂ ಬೇರೆ ಹಣ ಕೇಳಿದರು. 2023ರಲ್ಲಿ ಮಳೆ ಕೈಕೊಟ್ಟು ತುಂಗಭದ್ರಾ ಜಲಾಶಯ ತುಂಬದೆ, ಎಡದಂಡೆ ಕಾಲುವೆಯ ಎರಡನೇ ಬೆಳೆಗೆ ನೀರಿಲ್ಲವೆಂದು ಎಲ್ಲ ರೈತರಿಗೂ ಗೊತ್ತಿದ್ದಾಗಲೂ, ಅದು ಹಿಂದಿನ ವರ್ಷಗಳಂತೆಯೇ ಬೇಸಿಗೆಯ ಆವಕವನ್ನು ತೋರಿಸುತ್ತ ಕುಳಿತಿತ್ತು. ಬ್ಯಾಂಕಿನ ಸಾಲದ ಮಿತಿಯೊಳಗೆ ಭತ್ತ ಕೊಳ್ಳುವ ನಮ್ಮಂಥ ಸಣ್ಣ ಮಿಲ್ಲಿನವರು ಇಂಥ ಅಂದಾಜನ್ನು ನಂಬಿ ಗೋದಾಮು, ಬಡ್ಡಿಗಳ ಲೆಕ್ಕ ಹಾಕುವಂತಿಲ್ಲ.

ಹಾಗೆಂದು ಇದನ್ನು ತೆಗೆದುಹಾಕುವ ಮನಸ್ಸು ನನಗಿಲ್ಲ. ನಡೆದುಹೋದದ್ದನ್ನು ಇಷ್ಟು ನಿಖರವಾಗಿ ತೋರಿಸುವ ಸಾಧನ ನಮ್ಮಲ್ಲಿ ಬೇರೆ ಇರಲಿಲ್ಲ. ಈ ಸಲ ಮುನ್ನಂದಾಜಿನ ಪ್ಯಾಕೇಜನ್ನು ಕೈಬಿಟ್ಟು, ಲಾಟುವಾರು ವರದಿಯನ್ನಷ್ಟೇ ನವೀಕರಿಸಿದ್ದೇವೆ. ಹೊಸದಾಗಿ ಕೊಳ್ಳುವವರು ಡೆಮೊ ಸಮಯದಲ್ಲೇ ತಮ್ಮ ಹಳೆಯ ಬಿಲ್ಲುಗಳನ್ನು ಕೊಟ್ಟು, ಚೀಲಗಳ ಲೆಕ್ಕವನ್ನು ಕ್ವಿಂಟಾಲಿಗೆ ಇಳಿಸಿ ತೋರಿಸಲು ಹೇಳಿರಿ.