ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ: ಒಬ್ಬರ ಮುಖಕ್ಕೆ ಸೈ, ಇಡೀ ಮನೆಮಂದಿಗೆ ಅಲ್ಲ

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಸಾಲುತ್ತಿಲ್ಲ, ಮುಂದೇನು ತಗೊಳ್ಳಲಿ ಅಂತ ಯಾರು ಕೇಳಿದರೂ ಮೊದಲು ಬರುವ ಉತ್ತರ ಇದೇ ಲೆನ್ಸ್. ಕ್ಯಾನನ್ ಇದನ್ನು 2015ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ನಾನು ಕೊಂಡಾಗ ಹತ್ತು ಸಾವಿರದೊಳಗೆ ಸಿಕ್ಕಿತ್ತು. ನನ್ನ ಕ್ಯಾನನ್ 200ಡಿ ಕ್ಯಾಮೆರಾದಲ್ಲಿ ವರ್ಷಗಳಿಂದ ದುಡಿಯುತ್ತಿದೆ. ಮನೆಯವರು, ಗೆಳೆಯರು, ಪೋರ್ಟ್‌ಫೋಲಿಯೊ ಬೇಕು ಅಂತ ಬಂದ ಪರಿಚಯದವರು, ಎಲ್ಲರ ಮುಖವೂ ಇದರ ಮುಂದೆ ಹಾದುಹೋಗಿದೆ. ಒಬ್ಬರ ಮುಖ ತೆಗೆಯಲು ಈ ದುಡ್ಡಿಗೆ ಇದಕ್ಕಿಂತ ಒಳ್ಳೇದು ಸಿಗುವುದು ಕಷ್ಟ. ಆದರೆ ಫ್ಯಾಮಿಲಿ ಫೋಟೋಗೆ ಅಂತ ಕೊಳ್ಳುವವರು ಸ್ವಲ್ಪ ತಾಳಿ.

ಮೊದಲ ತಕರಾರು ಜಾಗದ್ದು. 200ಡಿಯಂಥ ಕ್ಯಾಮೆರಾಗಳ ಸೆನ್ಸರ್ ಚಿಕ್ಕದು. ಹಾಗಾಗಿ 50 ಎಂಎಂ ಲೆನ್ಸ್ ಹಾಕಿದರೂ ಕಾಣುವುದು ಫುಲ್ ಫ್ರೇಮ್‌ನಲ್ಲಿ, ಅಂದರೆ ದೊಡ್ಡ ಸೆನ್ಸರ್‌ನ ಕ್ಯಾಮೆರಾದಲ್ಲಿ, 80 ಎಂಎಂ ಹಾಕಿದಷ್ಟೇ, ಸ್ವಲ್ಪ ಜೂಮ್ ಮಾಡಿದ ಹಾಗೆ. ಎದೆಮಟ್ಟದ ಚಿತ್ರಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಒಂದೂವರೆ ಮೀಟರ್ ದೂರ ನಿಂತು ತೆಗೆಯುತ್ತೀರಿ, ಮೂಗು ದಪ್ಪ ಕಾಣುವುದಿಲ್ಲ. ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಫೋಟೋ ಪಕ್ಕ ಇಟ್ಟು ನೋಡಿ, ಗೊತ್ತಾಗುತ್ತದೆ. ಆದರೆ ತಲೆಯಿಂದ ಪಾದದವರೆಗೆ ಬೇಕು ಅಂದರೆ ಸುಮಾರು ನಾಲ್ಕೂವರೆ ಮೀಟರ್ ಹಿಂದೆ ಹೋಗಬೇಕು. ಹತ್ತು ಜನ ಸಾಲಾಗಿ ನಿಂತರೆ ಒಂಬತ್ತು ಮೀಟರ್ ಹತ್ತಿರ ಬರುತ್ತದೆ. ಬೆಂಗಳೂರಿನ ಬಾಡಿಗೆ ಮನೆಯ ಹಾಲ್ ಅಷ್ಟು ಉದ್ದ ಎಲ್ಲಿರುತ್ತೆ? ನಾಮಕರಣ, ಸೀಮಂತಗಳಲ್ಲಿ ಗುಂಪು ಫೋಟೋಗೆ ನಾನು ಈಗಲೂ ಹಳೇ 18-55 ಕಿಟ್ ಲೆನ್ಸನ್ನೇ ಹಾಕುತ್ತೇನೆ.

ಇನ್ನು ಎಲ್ಲರೂ ಮರುಳಾಗುವ ಎಫ್/1.8. ಲೆನ್ಸಿನ ಕಿಂಡಿ ಎಷ್ಟು ತೆರೆಯುತ್ತದೆ ಅನ್ನುವ ಅಳತೆ ಇದು, ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಬೆಳಕಿನ ಲೆಕ್ಕದಲ್ಲಿ ಇದು ನಿಜವಾಗಿಯೂ ದೊಡ್ಡ ಲಾಭ. ಕಿಟ್ ಲೆನ್ಸ್ 55 ಎಂಎಂಗೆ ಹೋದಾಗ ಎಫ್/5.6ರಲ್ಲಿ ನಿಲ್ಲುತ್ತದೆ. ಅಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸಂಖ್ಯೆ, ಹೆಚ್ಚಾದಷ್ಟೂ ಚಿತ್ರ ಕಾಳುಕಾಳು) 6400 ಬೇಕಾಗುವ ಕತ್ತಲೆಯಲ್ಲಿ ಇಲ್ಲಿ 640 ಸಾಕು. ದೇವರ ಮನೆಯ ದೀಪದ ಬೆಳಕಲ್ಲಿ ಅಮ್ಮನ ಮುಖ ತೆಗೆಯಬೇಕು ಅಂದರೆ ಇದೇ ಬೇಕು.

ಆದರೆ ಫೋಕಸ್ ತುಂಬಾ ತೆಳು. ಒಂದು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವುದು ಸುಮಾರು ಮೂರು ಸೆಂಟಿಮೀಟರ್ ಆಳ ಅಷ್ಟೇ. ಮೂಗುತಿ ಫಳಫಳ ಹೊಳೆಯುತ್ತಿರುತ್ತದೆ, ಕಣ್ಣು ಮಂಜು. ಮುಖ ಸ್ವಲ್ಪ ತಿರುಗಿದ್ದರೆ ಒಂದು ಕಣ್ಣು ಚೆನ್ನಾಗಿ ಬಂದು ಇನ್ನೊಂದು ಕೈಕೊಡುತ್ತದೆ. ನಿಮಗೆ ಹತ್ತಿರ ಇರುವ ಕಣ್ಣಿಗೇ ಫೋಕಸ್ ಇಡಿ. 200ಡಿಯ ವ್ಯೂಫೈಂಡರ್‌ನಲ್ಲಿ ಇರುವುದು ಒಂಬತ್ತು ಫೋಕಸ್ ಪಾಯಿಂಟ್, ನಂಬಬಹುದಾದ್ದು ನಡುವಿನದು ಒಂದೇ. ಅದಕ್ಕಿಂತ ಹಿಂದಿನ ಪರದೆಯಲ್ಲಿ ನೋಡಿ ತೆಗೆಯುವ ಲೈವ್ ವ್ಯೂ ಹಾಕಿ, ಮುಖ ಹುಡುಕುವ ಕೆಲಸ ಕ್ಯಾಮೆರಾಗೇ ಬಿಡುವುದು ವಾಸಿ. ಎಫ್/1.8 ಅಂತ ಕೊಂಡ ಲೆನ್ಸನ್ನು ನಾನು ಜಾಸ್ತಿ ಬಳಸುವುದು 2.8ರಲ್ಲಿ. ಇಬ್ಬರಿದ್ದರೆ 4. ಅಲ್ಲಿ ರೇಷ್ಮೆ ಸೀರೆಯ ಜರಿ, ಬಿಳಿ ಪಂಚೆಯ ಅಂಚುಗಳಲ್ಲಿ ಕಾಣುವ ನೇರಳೆ ಗೆರೆಯೂ ಬಹುಮಟ್ಟಿಗೆ ಮಾಯವಾಗುತ್ತದೆ.

ಹಿನ್ನೆಲೆ ಮಸುಕಾಗುವುದು ಎಲ್ಲರಿಗೂ ಇಷ್ಟ ಅಂತ ನಾವೇ ಅಂದುಕೊಂಡಿರುತ್ತೇವೆ. ಊರಲ್ಲಿ ಅಜ್ಜಿಯ ಫೋಟೋ ತೆಗೆದೆ. "ತಾಳು, ಸೀರೆ ಬದಲಾಯಿಸಿ ಬರ್ತೀನಿ" ಅಂತ ಒಳಗೆ ಹೋದವರು ತಲೆ ಬಾಚಿ, ಕುಂಕುಮ ಸರಿಮಾಡಿಕೊಂಡು ಬಂದು ಅಂಗಳದಲ್ಲಿ ನಿಂತರು. ಫೋಟೋ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಅಲ್ವೋ, ಹಿಂದೆ ತುಳಸಿಕಟ್ಟೆ ಇತ್ತಲ್ಲ, ಎಲ್ಲಿ ಹೋಯ್ತು?" ಅಂದರು. ಅವರಿಗೆ ಮುಖದಷ್ಟೇ ಮನೆಯೂ ಮುಖ್ಯ. ಹಿರಿಯರನ್ನು ತೆಗೆಯುವಾಗ ಈಗ ಎಫ್/5.6, ಕೆಲವೊಮ್ಮೆ 8 ಇಡುತ್ತೇನೆ. ಅಷ್ಟಕ್ಕೆ ಲೆನ್ಸ್ ಯಾಕೆ ಕೊಳ್ಳಬೇಕಿತ್ತು ಅಂತ ಕೇಳಿದರೆ, ಕಿಟ್ ಲೆನ್ಸಿಗಿಂತ ಇಲ್ಲಿ ಚರ್ಮದ ಸುಕ್ಕು, ಕಣ್ಣಿನ ಹೊಳಪು ಹೆಚ್ಚು ಬಿಡಿಸಿ ಬರುತ್ತದೆ.

ಬೆಳಕಿಗೆ ನಮ್ಮ ಕಡೆಯ ಜಗಲಿಯನ್ನು ಮೀರಿಸಿದ ಸ್ಟುಡಿಯೋ ಇಲ್ಲ. ಜಗಲಿಯ ಅಂಚಿಗೆ ಕೂರಿಸಿ, ಮುಖ ಅಂಗಳದ ಕಡೆಗಿರಲಿ. ಬೆನ್ನ ಹಿಂದೆ ಬಾಗಿಲ ಕತ್ತಲೆ. ಆ ಕತ್ತಲೆ ನೋಡಿ ಕ್ಯಾಮೆರಾ ಮುಖವನ್ನು ಜಾಸ್ತಿ ಬೆಳ್ಳಗೆ ಮಾಡಿಬಿಡುತ್ತದೆ, ಎಕ್ಸ್‌ಪೋಷರ್ ಸ್ವಲ್ಪ ಕಡಿಮೆ ಮಾಡಿ. ಒಳಗಿನ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಕೆನ್ನೆಯ ಎರಡು ಕಡೆ ಎರಡು ಬಣ್ಣ. ಹಸಿರು ಪೇಂಟ್ ಬಳಿದ ಗೋಡೆಯ ಪಕ್ಕ ಮಾತ್ರ ಯಾರನ್ನೂ ಕೂರಿಸಬೇಡಿ, ಆ ಹಸಿರು ಮುಖಕ್ಕೆ ಬಡಿಯುತ್ತದೆ.

ಮಾಡೆಲ್‌ಗಳ ಜೊತೆ ಈ ಲೆನ್ಸ್ ಸುಲಭವಾಗಿ ಹೊಂದಿಕೊಳ್ಳುತ್ತದೆ. ಅವರು ಹೇಳಿದ ಕಡೆ ನಿಲ್ಲುತ್ತಾರೆ, ಗದ್ದ ಇಳಿಸು ಅಂದರೆ ಇಳಿಸುತ್ತಾರೆ. ನಾಟಕ ಮಾಡುವ ಗೆಳತಿಯೊಬ್ಬಳ ಆಡಿಷನ್ ಫೋಟೋಗಳನ್ನು ಇದೊಂದರಲ್ಲೇ, ಕಿಟಕಿ ಬೆಳಕಲ್ಲಿ ಮುಗಿಸಿದೆವು. ಮಕ್ಕಳದ್ದು ಬೇರೆ ಕಥೆ. ಓಡುವ ಮಗುವಿನ ಹಿಂದೆ ಫೋಕಸ್ ಮಾಡುವ ಎಸ್‌ಟಿಎಂ ಮೋಟಾರ್ ಸ್ವಲ್ಪ ಏದುಸಿರು ಬಿಡುತ್ತದೆ. ಲೆನ್ಸಿನಲ್ಲಿ ಕೈ ನಡುಕ ತಡೆಯುವ ಸ್ಟೆಬಿಲೈಸೇಷನ್ ಇಲ್ಲ, ಆದ್ದರಿಂದ ಶಟರ್ ವೇಗ 1/160 ಸೆಕೆಂಡಿಗಿಂತ ಕೆಳಗೆ ಇಳಿಸುವುದಿಲ್ಲ, ಮಕ್ಕಳಿಗೆ 1/500. 35 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗಬಹುದು. ಕೂಸಿನ ಮುಷ್ಟಿ, ಮೆಹಂದಿ ಕೈ ತೆಗೆಯಲು ಅಷ್ಟು ಸಾಕು.

ಬಾಳಿಕೆ? ಹಿಂದಿನ ಮಾದರಿಯ ಮೌಂಟ್ (ಕ್ಯಾಮೆರಾಗೆ ಸಿಕ್ಕಿಸುವ ಭಾಗ) ಪ್ಲಾಸ್ಟಿಕ್ ಆಗಿತ್ತು, ಇದರದ್ದು ಲೋಹ. ತೂಕ 160 ಗ್ರಾಂನಷ್ಟು, ದಿನವಿಡೀ ಕುತ್ತಿಗೆಯಲ್ಲಿದ್ದರೂ ಗೊತ್ತಾಗುವುದಿಲ್ಲ. ಹತ್ತಿರಕ್ಕೆ ಫೋಕಸ್ ಮಾಡಿದಾಗ ಮುಂದಿನ ಕೊಳವೆ ಸ್ವಲ್ಪ ಹೊರಬರುತ್ತದೆ. ಅದಕ್ಕೆ ಪೆಟ್ಟು ಬೀಳದಿರಲು ಲೆನ್ಸಿನ ಮುಂದೆ ಸಿಕ್ಕಿಸುವ ಇಎಸ್-68 ಹುಡ್ ಹಾಕಿ. ಅದನ್ನು ಬೇರೆಯಾಗಿ ಕೊಳ್ಳಬೇಕು, ಅದೊಂದು ಕಿರಿಕಿರಿ. ಮಲೆನಾಡು, ಕರಾವಳಿಯವರಿಗೆ ನಿಜವಾದ ಶತ್ರು ಬೂಷ್ಟು. ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲೇ ಬಿಡಬೇಡಿ. ನಾನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ಹರಳಿನ ಬಣ್ಣ ತಿರುಗಿದ ಕೂಡಲೇ ಬದಲಾಯಿಸುತ್ತೇನೆ. ಗಾಜು ಈವರೆಗೆ ಶುಭ್ರವಾಗಿದೆ.

ಕ್ಯಾನನ್‌ನ ಮಿರರ್‌ಲೆಸ್ ಕ್ಯಾಮೆರಾಗಳಾದ ಆರ್50, ಆರ್10 ಇರುವವರು ಇದನ್ನು ಅಡಾಪ್ಟರ್ ಹಾಕಿ ಬಳಸಬಹುದು, ಆದರೆ ಹೊಸದಾಗಿ ಕೊಳ್ಳುವುದಾದರೆ ಆ ಕ್ಯಾಮೆರಾಗಳಿಗೆ ನೇರವಾಗಿ ಕೂರುವ ಆರ್‌ಎಫ್ ಮೌಂಟ್‌ನ 50 ಎಂಎಂ ಎಫ್/1.8 ನೋಡಿ. 200ಡಿಯಂಥ ಹಳೇ ಡಿಎಸ್‌ಎಲ್‌ಆರ್ ಇದ್ದವರಿಗೆ ಇದು ಸೆಕೆಂಡ್ ಹ್ಯಾಂಡ್‌ನಲ್ಲೂ ಧಾರಾಳವಾಗಿ ಸಿಗುತ್ತದೆ. ಕೊಳ್ಳುವ ಮುಂಚೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಒಳಗೆ ಜೇಡರ ಬಲೆಯಂತೆ ಎಳೆಗಳು ಕಂಡರೆ ಬೂಷ್ಟು ಬಂದಿದೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಆಮೇಲೆ ಕ್ಯಾಮೆರಾಗೆ ಹಾಕಿ, ಹತ್ತಿರಕ್ಕೊಮ್ಮೆ ದೂರಕ್ಕೊಮ್ಮೆ ಫೋಕಸ್ ಮಾಡಿಸಿ. ಎಲ್ಲೂ ತಡವರಿಸದೆ ಹೋಗಿ ಬಂದರೆ ಚೌಕಾಸಿಗೆ ಇಳಿಯಬಹುದು.