ವಿಲ್ಸನ್ ಕಾಯಿಲೆಯ ಮಾತ್ರೆ ನಿಲ್ಲಿಸಬೇಡಿ: ನಮ್ಮ ಮನೆಯಲ್ಲಿ ಆದದ್ದು

ನನ್ನ ತಮ್ಮನಿಗೆ ವಿಲ್ಸನ್ ಕಾಯಿಲೆ ಇದೆ. ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ಕಾಯಿಲೆ ಅದು. ಮೂರು ವರ್ಷ ಮಾತ್ರೆ ತಗೊಂಡು ಚೆನ್ನಾಗಿದ್ದವನು, ಮಾತ್ರೆ ನಿಲ್ಲಿಸಿದ ಎಂಟನೇ ತಿಂಗಳಿಗೆ ಹಾಸಿಗೆ ಹಿಡಿದ. ನಿಲ್ಲಿಸಿದವರು ನಾವೇ, ಮನೆಯವರು. ಯಾರ ಮಾತು ಕೇಳಿದೆವು, ಯಾಕೆ ಕೇಳಿದೆವು ಅನ್ನೋದನ್ನ ಮುಚ್ಚಿಡದೆ ಬರೆಯುತ್ತಿದ್ದೇನೆ. ಇನ್ನೊಂದು ಮನೆಯಲ್ಲಿ ಹೀಗಾಗಬಾರದು.

ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅವನು ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾಗ ಮೊದಲು ಕೆಟ್ಟದ್ದು ಅಕ್ಷರ. ಮುತ್ತಿನಂಥ ಅಕ್ಷರ ಅವನದು. ನೋಟ್ಸಿನಲ್ಲಿ ಅದು ಚಿಕ್ಕದಾಗುತ್ತಾ, ಸೊಟ್ಟಗಾಗುತ್ತಾ ಹೋಯಿತು. ಆಮೇಲೆ ಮಾತು ತೊದಲತೊಡಗಿತು. ಬೆಳಿಗ್ಗೆ ಎದ್ದರೆ ದಿಂಬೆಲ್ಲ ಜೊಲ್ಲು. ಕಾಫಿ ಲೋಟ ಹಿಡಿದರೆ ಕೈ ನಡುಗುತ್ತಿತ್ತು. ಸುಮ್ಮನಿದ್ದ ಹುಡುಗ ಇದ್ದಕ್ಕಿದ್ದಂತೆ ರೇಗುತ್ತಿದ್ದ, ಅಳುತ್ತಿದ್ದ. ಕಾಲೇಜಿನವರು ಕುಡಿಯುತ್ತಾನೆ ಅಂದುಕೊಂಡರು. ಅಪ್ಪನೂ ಹಾಗೇ ಅಂದುಕೊಂಡು ಒಂದು ದಿನ ಹೊಡೆದೂಬಿಟ್ಟರು. ಅದನ್ನು ಅಪ್ಪ ಇವತ್ತಿಗೂ ಮರೆತಿಲ್ಲ.

11ನೇ ವಯಸ್ಸಿನಲ್ಲಿ ಅವನಿಗೆ ಕಾಮಾಲೆ ಆಗಿತ್ತು. ನಾಟಿ ಔಷಧಿ ಕುಡಿಸಿದೆವು, ಇಳಿಯಿತು, ಮರೆತೆವು. ಅದಕ್ಕೂ ಇದಕ್ಕೂ ನಂಟಿದೆ ಅಂತ ಯಾರಿಗೆ ಹೊಳೆಯಬೇಕು?

2016ರಲ್ಲಿ ತುಮಕೂರಿನ ಡಾಕ್ಟರೊಬ್ಬರು ನಿಮ್ಹಾನ್ಸ್‌ಗೆ ಬರೆದುಕೊಟ್ಟರು. ಅಲ್ಲಿ ಕಣ್ಣನ್ನು ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ನೋಡಿದಾಗ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಉಂಗುರ ಕಂಡಿತು. ಅದು ತಾಮ್ರ. ನಾವು ತಿನ್ನುವ ಊಟದಲ್ಲಿ ಚೂರು ತಾಮ್ರ ಇದ್ದೇ ಇರುತ್ತದೆ. ಹೆಚ್ಚಾದದ್ದನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಆ ಕೆಲಸಕ್ಕೆ ಬೇಕಾದ ಎಟಿಪಿ7ಬಿ ಎಂಬ ಜೀನ್ ಕೆಟ್ಟಿದ್ದರೆ ತಾಮ್ರ ಒಳಗೇ ಉಳಿಯುತ್ತದೆ. ಮೊದಲು ಲಿವರ್‌ನಲ್ಲಿ, ಆಮೇಲೆ ಮಿದುಳಿನಲ್ಲಿ. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್, 24 ಗಂಟೆಯ ಮೂತ್ರದಲ್ಲಿ ತಾಮ್ರ, ಇವೆರಡನ್ನೂ ನೋಡಿ ಖಚಿತ ಮಾಡಿದರು.

ಅಮ್ಮ ಕೇಳಿದ್ದು ಒಂದೇ ಮಾತು. "ನನ್ನ ಮಗ ಎಷ್ಟು ವರ್ಷ ಬದುಕ್ತಾನೆ ಸಾರ್?" ಡಾಕ್ಟರು ಹೇಳಿದರು, "ಮಾತ್ರೆ ಬಿಡದೆ ತಗೊಂಡರೆ ಎಲ್ಲರ ಹಾಗೆ ಬದುಕಬಹುದು ಕಣಮ್ಮ. ಆದರೆ ಜೀವನಪೂರ್ತಿ ತಗೋಬೇಕು." ನನಗೆ ಕೇಳಿಸಿದ್ದು "ಎಲ್ಲರ ಹಾಗೆ ಬದುಕಬಹುದು". ಅಮ್ಮನಿಗೆ ಕೇಳಿಸಿದ್ದು "ಜೀವನಪೂರ್ತಿ". ಅಂದರೆ ಗುಣವಾಗದ ಕಾಯಿಲೆ. ಮುಂದಿನ ಅನಾಹುತದ ಬೀಜ ಅಲ್ಲೇ ಬಿತ್ತು ಅಂತ ಈಗ ಅನ್ನಿಸುತ್ತದೆ. ಅವತ್ತು ನಾನು ಅಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕಿತ್ತು.

ಪೆನಿಸಿಲಮೈನ್ ಮಾತ್ರೆ ಶುರುವಾಯಿತು. ಮೈಯಲ್ಲಿ ಸೇರಿದ ತಾಮ್ರವನ್ನು ಮೂತ್ರದಲ್ಲಿ ಹೊರಗೆ ಹಾಕಿಸುವ ಮಾತ್ರೆ ಅದು. ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು. ಜೊತೆಗೆ ಬಿ6 ವಿಟಮಿನ್. ಆರೇಳು ತಿಂಗಳಲ್ಲಿ ಜೊಲ್ಲು ಕಡಿಮೆಯಾಯಿತು. ಎರಡು ವರ್ಷಕ್ಕೆ ಮಾತು ಸುಮಾರು ತಿಳಿಯಾಯಿತು. ಡಿಪ್ಲೊಮಾ ಮುಗಿಸಿದ. ಅಪ್ಪನ ಕೊಬ್ಬರಿ ವ್ಯಾಪಾರದ ಲೆಕ್ಕ ಬರೆಯತೊಡಗಿದ.

2019ರಲ್ಲಿ ಒಂದು ಮದುವೆ ಮನೆಯಲ್ಲಿ ನೆಂಟರ ಹುಡುಗನೊಬ್ಬ ಫೋನಿನಲ್ಲಿ ಈ ಕಾಯಿಲೆ ಹುಡುಕಿ ಜೋರಾಗಿ ಓದಿದ. "ಕೆಲವೇ ವರ್ಷಗಳಲ್ಲಿ ಸಾವು ಖಚಿತ." ಆ ಸಾಲಿನ ಮೊದಲು "ಚಿಕಿತ್ಸೆ ಇಲ್ಲದಿದ್ದರೆ" ಅಂತ ಇತ್ತು. ಅದನ್ನು ಓದಲೇ ಇಲ್ಲ. 1912ರಲ್ಲಿ ಲಂಡನ್‌ನಲ್ಲಿ ಡಾಕ್ಟರ್ ವಿಲ್ಸನ್ ಈ ಕಾಯಿಲೆಯ ಬಗ್ಗೆ ಬರೆದಾಗ ಔಷಧಿಯೇ ಇರಲಿಲ್ಲ. ಆಗ ಅದು ನಿಜವೇ. 1956ರಲ್ಲಿ ಇಂಗ್ಲೆಂಡಿನ ಜಾನ್ ವಾಲ್ಶ್ ಎಂಬ ವೈದ್ಯರು ಪೆನಿಸಿಲಮೈನ್ ತಂದ ಮೇಲೆ ಆ ಲೆಕ್ಕ ಬದಲಾಯಿತು. ಹಾಗಾಗಿ ಆಯಸ್ಸಿನ ಬಗ್ಗೆ ಏನೇ ಓದಿದರೂ, ಅದು ಮಾತ್ರೆ ತಗೊಂಡವರ ಮಾತೋ, ತಗೊಳ್ಳದವರ ಮಾತೋ ಅಂತ ಮೊದಲು ನೋಡಿ. ಇವೆರಡರ ನಡುವೆ ಒಂದು ಇಡೀ ಬದುಕಿನ ಅಂತರ ಇದೆ.

ಅಮ್ಮ ಅವತ್ತು ಊಟ ಮಾಡಲಿಲ್ಲ. ವಾರದೊಳಗೆ ಯಾರೋ ಒಬ್ಬ ಪಂಡಿತರ ಹೆಸರು ಹೇಳಿದರು. ನರದ ಕಾಯಿಲೆ ಬುಡಸಮೇತ ತೆಗೆಯುತ್ತಾರಂತೆ. ಅವರು ನಾಡಿ ಹಿಡಿದು, "ಇಂಗ್ಲಿಷ್ ಮಾತ್ರೆ ಕಿಡ್ನಿ ತಿಂದುಹಾಕುತ್ತದೆ, ಇವತ್ತೇ ನಿಲ್ಲಿಸಿ, ಆರು ತಿಂಗಳಲ್ಲಿ ಪೂರ್ತಿ ಗುಣ" ಅಂದರು. ಪುಡಿ ಪೊಟ್ಟಣ ಕೊಟ್ಟರು. ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಸಿ ಅಂದರು. ಒಟ್ಟು 40 ಸಾವಿರ ಕೊಟ್ಟೆವು. ಪುಡಿಯಲ್ಲಿ ತಾಮ್ರ ಭಸ್ಮ ಇತ್ತು ಅಂತ ಕೇಳಿ ತಿಳಿದದ್ದು ಎಲ್ಲ ಮುಗಿದ ಮೇಲೆ. ಮೈಯಲ್ಲಿ ತಾಮ್ರ ತುಂಬಿ ಕಾಯಿಲೆ ಬಿದ್ದ ಹುಡುಗನಿಗೆ ನಾವು ದಿನಾ ತಾಮ್ರ ಕುಡಿಸಿದ್ದೇವೆ. ಇದನ್ನು ಬರೆಯುವಾಗ ಈಗಲೂ ಕೈ ತಣ್ಣಗಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಇದನ್ನು ಗಮನಿಸಿ. ನಿಲ್ಲಿಸಿದ ಮೇಲೆ ನಾಲ್ಕು ತಿಂಗಳು ಏನೂ ಆಗಲಿಲ್ಲ. ಮಾತ್ರೆಯ ವಾಕರಿಕೆ ಹೋಗಿ ಇನ್ನೂ ಹಗುರಾದ. "ನೋಡು, ನಾನು ಹೇಳಲಿಲ್ವಾ" ಅಂದಳು ಅಮ್ಮ. ನಾನೂ ಬಾಯಿ ಮುಚ್ಚಿಕೊಂಡೆ. ತಾಮ್ರ ಸದ್ದಿಲ್ಲದೆ ತುಂಬುತ್ತದೆ. ಹೊರಗೆ ಕಾಣುವಷ್ಟರಲ್ಲಿ ಒಳಗೆ ಆಗಬೇಕಾದ್ದು ಆಗಿರುತ್ತದೆ. ಐದನೇ ತಿಂಗಳಿಗೆ ತುತ್ತು ಬಾಯಿಂದ ಜಾರತೊಡಗಿತು. ಪಂಡಿತರು "ವಿಷ ಹೊರಗೆ ಬರ್ತಿದೆ, ಹೆದರಬೇಡಿ" ಅಂದರು. ಎಂಟನೇ ತಿಂಗಳಿಗೆ ಕತ್ತು ಒಂದು ಕಡೆ ಸೆಟೆದುಕೊಂಡಿತು, ಮಾತು ಪೂರ್ತಿ ನಿಂತಿತು, ನುಂಗಲೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಮೊದಲ ಪ್ರಶ್ನೆ, "ಮಾತ್ರೆ ಬಿಟ್ಟಿದ್ದೀರಾ?" ಅಮ್ಮ ಇಲ್ಲ ಅಂದಳು. ಬೈಯುತ್ತಾರೆ ಅನ್ನೋ ಭಯ. ಅಪ್ಪ ಹೊರಗೆ ಹೋಗಿ ಬಂದು ನಿಜ ಹೇಳಿದರು. ದಯವಿಟ್ಟು ಡಾಕ್ಟರ ಹತ್ತಿರ ಸುಳ್ಳು ಹೇಳಬೇಡಿ. ಬೈದರೆ ಬೈಯಲಿ. ಬಿಟ್ಟಿದ್ದು ಗೊತ್ತಿದ್ದರೆ ಮಾತ್ರ ಎಷ್ಟರಿಂದ ಶುರು ಮಾಡಬೇಕು ಅಂತ ಅವರು ನಿರ್ಧರಿಸಲು ಸಾಧ್ಯ. ಮಿದುಳಿಗೆ ತಾಗಿದವರಲ್ಲಿ ಕೆಲವರಿಗೆ ಈ ಮಾತ್ರೆ ಶುರುವಿನಲ್ಲಿ ತೊಂದರೆ ಹೆಚ್ಚಿಸುವುದೂ ಉಂಟು. ಅದಕ್ಕೇ ಚೂರುಚೂರೇ ಏರಿಸುತ್ತಾರೆ. ನೀವೇ ಮನೆಯಲ್ಲಿ ಹಳೇ ಡೋಸ್ ಶುರು ಮಾಡಬೇಡಿ.

ಮೂಗಿನ ನಳಿಕೆಯಲ್ಲಿ ಊಟ, ಮೂರು ತಿಂಗಳು. ಮತ್ತೆ ನಡೆಯಲು ಒಂದೂವರೆ ವರ್ಷ ಹಿಡಿಯಿತು. ಈಗ ಅವನಿಗೆ 28. ಗೋಡೆ ಹಿಡಿದು ಓಡಾಡುತ್ತಾನೆ, ತಾನೇ ಉಣ್ಣುತ್ತಾನೆ, ಎಲ್ಲ ಅರ್ಥವಾಗುತ್ತದೆ. ಮಾತು ಮಾತ್ರ ವಾಪಸ್ ಬರಲಿಲ್ಲ. ಮೊದಲ ಸಲ ಬಂದಿತ್ತು, ಎರಡನೇ ಸಲ ಬರಲಿಲ್ಲ. ಫೋನಿನಲ್ಲಿ ಟೈಪ್ ಮಾಡಿ ತೋರಿಸುತ್ತಾನೆ. ನಮ್ಮ ಕಣ್ಣಮುಂದೆ ಇದ್ದಾನೆ, ಅದು ದೊಡ್ಡದು. ಆದರೆ ಕೆಲವರು ಮಾತ್ರೆ ಬಿಟ್ಟ ಮೇಲೆ ಲಿವರ್ ದಿಢೀರನೆ ಕೈಕೊಟ್ಟು ಹೋಗಿಬಿಡುತ್ತಾರೆ ಅಂತ ಆಗ ಡಾಕ್ಟರು ಹೇಳಿದರು.

ಇನ್ನೊಂದು ತಪ್ಪು. 2016ರಲ್ಲೇ "ಒಡಹುಟ್ಟಿದವರನ್ನೆಲ್ಲ ಪರೀಕ್ಷೆ ಮಾಡಿಸಿ" ಅಂದಿದ್ದರು. ನಾವು ಮಾಡಿಸಲಿಲ್ಲ. ಅಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು, ಅಂದರೆ ನನ್ನ ಅಮ್ಮನನ್ನು. ಅಪ್ಪ ಅಮ್ಮ ಇಬ್ಬರಲ್ಲೂ ಕೆಟ್ಟ ಜೀನಿನ ಒಂದೊಂದು ಪ್ರತಿ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಇದು ಹೊರಗೆ ಗೊತ್ತಾದರೆ ಹೆಣ್ಣುಮಕ್ಕಳಿಗೆ ಗಂಡು ಸಿಗಲ್ಲ ಅಂತ ಮನೆಯಲ್ಲಿ ಹೆದರಿದರು. ತಮ್ಮ ಬಿದ್ದ ಮೇಲೆ ಮಾಡಿಸಿದಾಗ ನನಗೆ ಇರಲಿಲ್ಲ, ತಂಗಿಗೆ ಇತ್ತು. ಹೊರಗೆ ಒಂದು ಲಕ್ಷಣವೂ ಇಲ್ಲ! ಅವಳಿಗೆ ಜಿಂಕ್ ಕೊಟ್ಟರು. ಕರುಳಿನಲ್ಲೇ ತಾಮ್ರ ಹೀರದಂತೆ ಅದು ತಡೆಯುತ್ತದೆ. ಇವತ್ತು ಅವಳು ಬಿ.ಕಾಂ ಮುಗಿಸಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಮುಂದೆ ಬಸುರಿಯಾದರೂ ಔಷಧಿ ನಿಲ್ಲಿಸಬಾರದು ಅಂತ ಈಗಲೇ ಹೇಳಿದ್ದಾರೆ.

ಕುರಿ ಲಿವರ್, ಅಣಬೆ, ಚಾಕೊಲೇಟ್, ಗೋಡಂಬಿ, ಏಡಿಯಂಥ ಚಿಪ್ಪಿನ ಜೀವಿಗಳನ್ನು ಬಿಡಿ ಅಂದರು, ಬಿಟ್ಟೆವು. ತಾಮ್ರದ ಚೊಂಬು ಮನೆಯಲ್ಲಿಲ್ಲ. ಆದರೆ ಪಥ್ಯ ಮಾಡಿದರೆ ಸಾಕು, ಮಾತ್ರೆ ಯಾಕೆ ಅನ್ನುವವರೂ ಸಿಗುತ್ತಾರೆ. ಅವರ ಮಾತೂ ಕೇಳಬೇಡಿ.

ಪೆನಿಸಿಲಮೈನ್‌ನಿಂದ ಕೆಲವರಿಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದು, ರಕ್ತಕಣ ಕಡಿಮೆಯಾಗುವುದು ನಿಜ. ಪಂಡಿತರು ನಮ್ಮನ್ನು ಹೆದರಿಸಿದ್ದು ಅದರಿಂದಲೇ. ಅದಕ್ಕೆ ಕಾಲಕಾಲಕ್ಕೆ ಪರೀಕ್ಷೆ ಇದೆ. ಆಗದಿದ್ದರೆ ಬದಲಿಗೆ ಟ್ರೈಯೆಂಟೀನ್, ಜಿಂಕ್ ಇವೆ. ಬದಲಿಸುವುದು ಬೇರೆ, ನಿಲ್ಲಿಸುವುದು ಬೇರೆ.

ಮಾತ್ರೆ ಎಲ್ಲ ಮೆಡಿಕಲ್ ಶಾಪಿನಲ್ಲೂ ಇರಲ್ಲ. ಹೋದ ದೀಪಾವಳಿ ರಜೆಯಲ್ಲಿ ತಿಪಟೂರಿನಲ್ಲೂ ಸಿಗದೆ, ತುಮಕೂರಿನಲ್ಲೂ ಸಿಗದೆ, ಅಪ್ಪ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ತಂದರು. ಆಗಿನಿಂದ ಒಂದು ತಿಂಗಳಿನದು ಜಾಸ್ತಿಯೇ ಬೀರುವಿನಲ್ಲಿ ಇಟ್ಟಿರುತ್ತೇವೆ. ನೀವೂ ಇಟ್ಟುಕೊಳ್ಳಿ.